ಸೂಜಿಕಣ್ಣಿನ ತಿರುವಿನಲ್ಲಿ

ಆರ್ವಿಲ್ ಸ್ಟಕ್ಕಿಯ ಮನಸ್ಸು ಕೆಟ್ಟದ್ದು ಒಂದು ಹೆಸರಿನ ಬಿಲ್ಲೆಯಿಂದ. ಹಸಿರು ಪ್ಲಾಸ್ಟಿಕ್ಕಿನದು, ಹಿಂದೆ ಪಿನ್ನು. ಮುಂದೆ ಬಿಳಿ ಅಕ್ಷರದಲ್ಲಿ 'ಆರ್ವಿಲ್, ನಿಮ್ಮ ಸೇವೆಗೆ' ಎಂದು ಬರೆದಿತ್ತು. ಅದನ್ನು ಮಾರ್ವಾ ಲುಂಡ್ ತಾನೇ ಅವನ ಅಂಗಿಗೆ ಚುಚ್ಚಿ, ಹಿಂದೆ ಸರಿದು, ಗೋಡೆಗೆ ಪಟ ನೇತುಹಾಕಿದವಳ ಹಾಗೆ ತಲೆ ವಾರೆ ಮಾಡಿ ನೋಡಿದ್ದಳು.

"ಚೆನ್ನಾಗ್ ಕಾಣ್ತಿದೆ ಆರ್ವಿಲ್. ಇನ್ಮೇಲೆ ಬಂದೋರು ನಿನ್ನ 'ಏ ತಾತಾ' ಅಂತ ಕೂಗೋದು ತಪ್ಪತ್ತೆ."

"ತಾತ ಅಂದ್ರೆ ನಂಗೇನೂ ಬೇಜಾರಿರ್ಲಿಲ್ಲ."

"ನಂಗಿತ್ತು," ಎಂದು ನಕ್ಕು ಅವಳು ಆಫೀಸಿನ ಕಡೆ ಹೋದಳು.

ಮಾರ್ವಾಳ ಅಪ್ಪ ಥೋರ್ವಾಲ್ಡ್ ಬದುಕಿದ್ದಾಗ ಮೋರಿಯಾದಲ್ಲಿ ಯಾರಿಗೂ ಬಿಲ್ಲೆ ಬೇಕಿರಲಿಲ್ಲ. ದಕ್ಷಿಣ ಯೂಟಾದ ಆ ಪುಟ್ಟ ಊರಿಗೆ ಜನ ಬರುತ್ತಿದ್ದುದೇ ಸೂಜಿಕಣ್ಣನ್ನು ನೋಡಲು. ಪಾರ್ಕಿನೊಳಗೆ, ಕೆಂಪು ಬಂಡೆಯ ನೆತ್ತಿಯಲ್ಲಿ, ಗಾಳಿ ಮಳೆ ಕೊರೆದು ಮಾಡಿದ ಕಮಾನು ಅದು; ಅದರ ಕಿಂಡಿಯಲ್ಲಿ ಆಕಾಶ ಒಂದು ನೀಲಿ ತುಣುಕಾಗಿ ಕಾಣುತ್ತದೆ. ನಡೆಯಲಾರದವರನ್ನು ಹೇಸರಗತ್ತೆಯ ಮೇಲೆ ಕೂರಿಸಿ, ಕಮರಿಯ ಅಂಚಿನ ಕಾಲುದಾರಿಯಲ್ಲಿ ಅಲ್ಲಿಗೆ ಕರೆದೊಯ್ಯುವುದು ಲುಂಡ್ ಮನೆತನದ ಕಸುಬು. ಲದ್ದಿ ಬಾಚುವ ಕೆಲಸಕ್ಕೆ ಸೇರಿದ ಆರ್ವಿಲ್ ಬರಬರುತ್ತ ಥೋರ್ವಾಲ್ಡನ ಬಲಗೈಯಾದ. ಮದುವೆಯಾಗಲಿಲ್ಲ, ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದ. ಒಂದು ಸಂಜೆ ಮುದುಕ ಜೀನಿನ ಮೇಲೆ ಕುಳಿತೇ ದೊಡ್ಡಿಯ ಕಡೆ ಕೈ ಬೀಸಿ, "ನಾನು ಹೋದ್ಮೇಲೆ ಇದೆಲ್ಲ ನಿಂದೇ ಕಣೋ" ಎಂದಿದ್ದ. ಕೇಳಿಸಿಕೊಂಡವರು ಆರ್ವಿಲ್ ಮತ್ತು ಹೇಸರಗತ್ತೆಗಳು ಮಾತ್ರ.

ಮುದುಕ ಹೋದ. ದೂರದ ಆಗ್ಡೆನ್ನಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ ಮಗಳು ಪೆಟ್ಟಿಗೆ ಕಟ್ಟಿಕೊಂಡು ಬಂದಳು. ಬಂದವಳು ಎರಡು ದಿನ ಅತ್ತು, ಮೂರನೆಯ ದಿನ ದೊಡ್ಡಿಗೆ ಬಣ್ಣ ಹೊಡೆಸಿದಳು. ಸವಾರಿ ನಡೆಸಲು ಪಾರ್ಕಿನವರು ಕೊಡುವ ಪರವಾನಗಿಗೆ ಅನುಭವಸ್ಥರ ಹೆಸರೊಂದು ಬೇಕಾಗಿತ್ತು. ಹಾಗಾಗಿ ಅದರಲ್ಲಿ ಇಬ್ಬರ ಹೆಸರೂ ಬಿತ್ತು, ಮೊದಲು ಅವಳದು, ಕೆಳಗೆ ಅವನದು. ಒಂದು ಹೆಸರು ಹೋದರೆ ಇನ್ನೊಂದು ಉಳಿಯುತ್ತದೆ. ಈ ಮಾತನ್ನು ಅವನು ಮೊದಲ ಸಲ ಅಂದುಕೊಂಡದ್ದು ಬೇಜಾರಿನಲ್ಲಿ. ಎರಡನೆಯ ಸಲ ಅಂದುಕೊಂಡಾಗ ಬೇಜಾರಿರಲಿಲ್ಲ.

ದಾರಿ ತೋರಿಸಿದ್ದು ಒಂದು ಚೀಲ.

ಪಾರ್ಕಿನಲ್ಲಿ ಡ್ರೋನ್ ಹಾರಿಸುವ ಹಾಗಿಲ್ಲ. ಹೆಬ್ಬಾಗಿಲಿನಲ್ಲಿ ಫಲಕವಿದೆ, ಕಕ್ಕಸಿನ ಬಾಗಿಲ ಮೇಲೂ ಇದೆ. ಆದರೂ ಹಾರಿಸುತ್ತಾರೆ. ಸೂಜಿಕಣ್ಣು ಕಂಡ ಮೇಲೆ ಅದರೊಳಗೆ ದಾರ ಪೋಣಿಸದೆ ಹೋಗುವುದುಂಟೆ ಎಂಬ ಹಟ ಆ ಜನಕ್ಕೆ. ಹದ್ದುಗಳು ಗೂಡು ಬಿಟ್ಟು ಏಳುತ್ತವೆ, ಕಾಡುಕುರಿಗಳು ಮರಿಗಳನ್ನು ಬಿಟ್ಟು ಓಡುತ್ತವೆ. ಆಮೇಲೆ ಪಾರ್ಕು ಕಾಯುವ ರೇಂಜರುಗಳು ಓಡುತ್ತಾರೆ. ಹಿಂದಿನ ಶರತ್ಕಾಲದಲ್ಲಿ ಹಾಗೆ ಓಡಿಬಂದ ಗಡ್ಡದ ತರುಣನೊಬ್ಬ, ಹಿಂದೆ ರೇಂಜರಿನ ಟೋಪಿ ಕಂಡು, ಹೆಗಲ ಚೀಲವನ್ನು ಲುಂಡರ ಹುಲ್ಲಿನ ಕೊಟ್ಟಿಗೆಯ ಹಿಂದೆ ಎಸೆದು, ಏನೂ ಅರಿಯದವನ ಹಾಗೆ ಕಾರು ಹತ್ತಿ ಹೋದ. ಮತ್ತೆ ಬರಲಿಲ್ಲ. ಬಂದು ಏನೆಂದು ಕೇಳಿಯಾನು?

ಆರ್ವಿಲ್ ಚೀಲ ಬಿಚ್ಚಿದ. ಒಳಗೆ ಕಾಲು ಮಡಚಿ ಮಲಗಿದ ಜೇಡದಂಥ ಯಂತ್ರ, ಅದನ್ನು ನಡೆಸುವ ಕೈಪೆಟ್ಟಿಗೆ, ಪೆಟ್ಟಿಗೆಯಲ್ಲೇ ಪುಟ್ಟ ಪರದೆ. ಆಟಿಕೆ ಸಿಕ್ಕಿದವನ ಹಾಗೆ ಒಂದು ಮಧ್ಯಾಹ್ನ, ಮಾರ್ವಾ ಪೇಟೆಗೆ ಹೋಗಿದ್ದಾಗ, ದೊಡ್ಡಿಯ ಮೇಲೆ ಹಾರಿಸಿದ. ಹೇಸರಗತ್ತೆ ಹುಲ್ಡಾ ಅದನ್ನು ಕಂಡದ್ದೇ ತಡ, ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಟ್ಟಳು. ಎದೆಯಿಂದ ಬೇಲಿಯ ಹೊಸ ಮರವನ್ನು ಮುರಿದಳು. ಥೋರ್ವಾಲ್ಡ್ ತನ್ನ ಹೇಸರಗತ್ತೆಗಳಿಗೆಲ್ಲ ಚಿಕ್ಕಮ್ಮಂದಿರ ಹೆಸರಿಟ್ಟಿದ್ದ. ಹುಲ್ಡಾ ಅವುಗಳಲ್ಲಿ ಹಿರಿಯಳು, ಸಾಲಿನ ಮುಂದಾಳು. ಅವಳ ಮೇಲೆ ಕೂರುವವಳು ಯಾವತ್ತೂ ಮಾರ್ವಾ.

ಆರ್ವಿಲ್ ಯಂತ್ರ ಇಳಿಸಿ ಓಡಿದ. ಕೊರಳು ಸವರಿದ, ಮಾತಾಡಿಸಿದ, ಕೋಟಿನ ಜೇಬಿನಿಂದ ಒಂದು ಹಿಡಿ ಓಟ್ಸ್ ತೆಗೆದು ತಿನ್ನಿಸಿದ. ಬೆದರಿದ ಪ್ರಾಣಿಯನ್ನು ಬೆದರಿದ ಹಾಗೇ ಬಿಟ್ಟುಹೋದವನನ್ನು ಥೋರ್ವಾಲ್ಡ್ ಕೆಲಸದಿಂದಲೇ ತೆಗೆದುಬಿಡುತ್ತಿದ್ದ. ಅವಳ ನಡುಕ ನಿಲ್ಲುವವರೆಗೆ ಆರ್ವಿಲ್ ಅವಳ ಹಣೆಗೆ ಹಣೆ ಇಟ್ಟು ನಿಂತ. ಅವಳು ಸಮಾಧಾನವಾದಳು. ಅವನು ಆಗಲಿಲ್ಲ. ಮುರಿದ ಮರವನ್ನೇ ನೋಡುತ್ತಿದ್ದ.

ಮುಂದಿನದು ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟ ಹಾಗೆ ಬೆಳೆಯಿತು.

ಸೂಜಿಕಣ್ಣಿನ ದಾರಿಯಲ್ಲಿ ಒಂದು ತಿರುವಿದೆ. ಕಮಾನು ಮೊದಲು ಪೂರ್ತಿ ಕಾಣುವುದು ಅಲ್ಲೇ. ಅಲ್ಲಿ ಸವಾರಿ ನಿಲ್ಲುತ್ತದೆ, ಮತ್ತು ನಿಂತಾಗ ಪ್ರತಿಯೊಂದು ಹೇಸರಗತ್ತೆಯ ಮುಖವನ್ನೂ ಕಮರಿಯ ಕಡೆಗೇ ತಿರುಗಿಸುತ್ತಾರೆ. ಹೊಸಬರು ಕಿರುಚಿಕೊಳ್ಳುತ್ತಾರೆ. ಆದರೆ ಕಸುಬಿನವರಿಗೆ ಗೊತ್ತು, ಪ್ರಪಾತವನ್ನು ಕಣ್ಣಾರೆ ಕಾಣುವ ಪ್ರಾಣಿ ಅದರೊಳಗೆ ಕಾಲಿಡುವುದಿಲ್ಲ. ಬೆನ್ನು ಮಾಡಿ ನಿಂತದ್ದೇ ಹಿಂದೆ ಸರಿದು ಬೀಳುವುದು. ಮುಂದಿನಿಂದ ಏನಾದರೂ ಹೆದರಿಸಿದರೆ ಅದು ಹಿಂದಿನ ಇಳಿಜಾರಿಗೆ ಆತು ನಿಲ್ಲುತ್ತದೆ, ಅಷ್ಟೆ. ಆದ್ದರಿಂದ ಹೆದರಿಕೆ ಹಿಂದಿನಿಂದ ಬರಬೇಕು. ಕಿವಿಯ ಹಿಂದಿನಿಂದ, ತಲೆಯ ಎತ್ತರದಲ್ಲಿ. ಆಗ ಅದಕ್ಕೆ ನೆಗೆಯಲು ಇರುವುದು ಒಂದೇ ದಿಕ್ಕು.

ತಿರುವಿನ ಹಿಂದೆ ಜೂನಿಪರ್ ಗಿಡಗಳ ಇಳಿಜಾರು. ಹಳೆಯ ಕುರಿಗಾಹಿಗಳ ಸವೆದ ದಾರಿಯೊಂದು ಅದನ್ನು ಓರೆಯಾಗಿ ಹತ್ತಿ ಗಿಡಗಳ ಮರೆಗೆ ಹೋಗುತ್ತದೆ. ಅಲ್ಲಿ ಕುಳಿತವನು ಕೆಳಗಿನವರಿಗೆ ಕಾಣುವುದಿಲ್ಲ. ದೂರದಿಂದ ಹಾರಿಸಬಹುದಿತ್ತು; ಆದರೆ ಬಂಡೆಗಳ ನಡುವೆ ಯಂತ್ರಕ್ಕೂ ಪೆಟ್ಟಿಗೆಗೂ ನಂಟು ಕಡಿದುಹೋಗುತ್ತದೆಂದು ಅವನು ಪರೀಕ್ಷಿಸಿ ಕಂಡುಕೊಂಡಿದ್ದ. ಜೂನಿಪರಿನ ಹಿಂದೆ ಒಂದು ಕಬ್ಬಿಣದ ಗೂಟವೂ ಇತ್ತು. ಪಾರ್ಕು ಮುಗಿಯುವುದು ಅಲ್ಲಿಗೆ. ನಿಷೇಧವಿರುವುದು ಪಾರ್ಕಿನೊಳಗೆ ನಿಂತು ಹಾರಿಸುವವರಿಗೆ; ಗೂಟದಾಚೆ ಕುಳಿತು ಡ್ರೋನ್ ಹಾರಿಸುವುದು ಅಪರಾಧವೇ ಅಲ್ಲ. ಇದನ್ನು ನೆನೆದಾಗಲೆಲ್ಲ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು.

ಇನ್ನು ಸಾಕ್ಷಿ. ಪ್ರವಾಸಿಗಳ ಕಾಲ ಶುರುವಾಗುವ ಮುಂಚೆ, ಏಪ್ರಿಲಿನಲ್ಲಿ, ಮಾಲೀಕರು ಒಬ್ಬ ರೇಂಜರಿನ ಜತೆ ದಾರಿ ಪರೀಕ್ಷೆಗೆ ಹೋಗುವ ಪದ್ಧತಿಯಿದೆ. ಬೇರೆ ಯಾರಾದರೂ ಸಾಕ್ಷಿಯಿಲ್ಲದ ದಿನ ಆರಿಸುತ್ತಿದ್ದರು. ಆರ್ವಿಲ್ ಈ ದಿನವನ್ನೇ ಆರಿಸಿದ. ರೇಂಜರ್ ಕಣ್ಣಾರೆ ಕಾಣಲಿ. ಯಾವನೋ ಪ್ರವಾಸಿಯ ಡ್ರೋನು, ಬೆದರಿದ ಪ್ರಾಣಿ, ಬಡಪಾಯಿ ಹೆಂಗಸು ಎಂದು ಸರ್ಕಾರಿ ಟೋಪಿ ಹಾಕಿಕೊಂಡೇ ಹೇಳಲಿ. ಊರಿಗೆ ಊರೇ ಡ್ರೋನಿನವರನ್ನು ಶಪಿಸುತ್ತದೆ. ಎಲ್ಲರಿಗಿಂತ ಗಟ್ಟಿಯಾಗಿ ಅವನು ಶಪಿಸುತ್ತಾನೆ. ಹುಲ್ಡಾಳೂ ಜತೆಗೇ ಬೀಳುತ್ತಾಳೆಂಬುದು ಮಾತ್ರ ಆಗಾಗ ನೆನಪಾಗುತ್ತಿತ್ತು. ಆ ನೆನಪನ್ನು ಅವನು ಬೇಗ ಪಕ್ಕಕ್ಕೆ ಸರಿಸುತ್ತಿದ್ದ.

ಚಳಿಗಾಲವಿಡೀ ಅಭ್ಯಾಸ ನಡೆಯಿತು. ಲಗಾಮು ಹಿಡಿದು ಒರಟಾದ ಹೆಬ್ಬೆರಳುಗಳಿಗೆ ಆ ಪುಟ್ಟ ಗುಂಡಿಗಳು ಒಗ್ಗಲು ಬಹಳ ಕಾಲ ಬೇಕಾಯಿತು. ಹುಲ್ಲಿನ ಕೊಟ್ಟಿಗೆಯ ಹಿಂದೆ ಒಂದು ಒಣ ಹಳ್ಳವಿದೆ. ದಿನಾ ಬೆಳಿಗ್ಗೆ ಮಾರ್ವಾ ಆಫೀಸಿನ ಫೋನು ಹಿಡಿದು ಕೂತಾಗ ಅವನು ಅದರಲ್ಲಿಳಿದು, ತಲೆಗೆ ಕಂಬಳಿ ಹೊದ್ದು, ಪರದೆಯನ್ನೇ ನೋಡುತ್ತ ಹಾರಿಸುತ್ತಿದ್ದ. ಹಳ್ಳದ ದಡಕ್ಕಿಂತ ಮೇಲೆ ಒಮ್ಮೆಯೂ ಏಳಿಸಲಿಲ್ಲ. ಅದರಲ್ಲಿ ಅವನು ಬಲು ಜಾಗರೂಕ. ಹುಲ್ಡಾಳ ಕಣ್ಣಿಗೆ ಅದು ಮತ್ತೆ ಬೀಳಕೂಡದು. ನೋಡಿ ನೋಡಿ ರೂಢಿಯಾದರೆ ಹೆದರಿಕೆ ಸವೆದುಹೋಗುತ್ತದೆ. ಪ್ರಾಣಿಗಳನ್ನು ಬಲ್ಲವನಿಗೆ ಇಷ್ಟೂ ತಿಳಿಯದೆ? ಆಟ ಮುಗಿದ ಮೇಲೆ ಯಂತ್ರವನ್ನು ಹುಲ್ಲಿನಡಿ ಹೂತಿಟ್ಟು, ದೊಡ್ಡಿಯ ಒಳಗಿಂದ ಹಾದು, ಬೇಲಿಗೆ ಬಂದು ನಿಂತವುಗಳ ಬಾಯಿಗೆ ಹಿಡಿ ಹಿಡಿ ಓಟ್ಸ್ ಕೊಟ್ಟು, ಎಂದಿನ ಹಾಗೆ ಲದ್ದಿ ಬಾಚಲು ತೊಡಗುತ್ತಿದ್ದ. ನೋಡಿದವರಿಗೆ ಅವನು ಹಳೆಯ ಆರ್ವಿಲ್ಲೇ.

ಆದರೆ ನೋಡುವವರು ಹೆಚ್ಚಾಗತೊಡಗಿದರೆಂದು ಅವನಿಗೆ ಅನ್ನಿಸುತ್ತಿತ್ತು. ಫೆಬ್ರವರಿಯಲ್ಲಿ ಒಂದು ದಿನ ಮಾರ್ವಾ ಅವನನ್ನು ಅಡುಗೆಮನೆಗೆ ಕರೆದು ಪ್ಯಾನ್‌ಕೇಕ್ ಹಾಕಿಕೊಟ್ಟಳು. ತನಗೆ ಮಾತ್ರ ಸೊಪ್ಪು, ಬಾಳೆಹಣ್ಣು ರುಬ್ಬಿದ ಹಸಿರು ರಸ.

"ಇದನ್ ಕುಡ್ಯೋಕೆ ಹೆಂಗ್ ಮನಸ್ಸು ಬರತ್ತೆ ನಿಂಗೆ? ಹೇಸರಗತ್ತೆ ಮೇವು."

"ಅವಕ್ಕೂ ಹಂಗೇ ಅನ್ನಿಸಿರಬೇಕು. ನಾನು ಮಿಕ್ಸಿ ಹಾಕಿದ್ರೆ ಸಾಕು, ಹುಲ್ಡಾ ಅಲ್ಲಿಂದ್ಲೇ ಕೂಗೋಕೆ ಶುರು ಮಾಡ್ತಾಳೆ. ಮೊದ್ಲು ಹಿಂಗಿರ್ಲಿಲ್ಲ. ಏನಾಗಿದೆ ಅವಳಿಗೆ?"

ಫೋರ್ಕು ಅವನ ಕೈಯಲ್ಲೇ ನಿಂತಿತು. ಅವಳ ಮುಖ ನೋಡಿದ. ಸುಮ್ಮನೆ ಕೇಳಿದಳೋ, ಕೆದಕುತ್ತಿದ್ದಾಳೋ? ಮೇಡಮ್ಮುಗಳ ಮುಖ ಹಾಗೇ ಇರುತ್ತದೆ, ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವ ಮುಖ.

"ವಯಸ್ಸಾಯ್ತಲ್ಲ," ಎಂದ. "ಸಣ್ಣ ಸದ್ದಿಗೂ ಬೆಚ್ತಾಳೆ."

"ಹ್ಞೂಂ. ಬೆಚ್ಚೋಳು ಅಷ್ಟೊಂದ್ ದಪ್ಪ ಆಗ್ತಾಳಾ? ಜೀನಿನ ಪಟ್ಟಿ ಒಂದ್ ತೂತು ಮುಂದಕ್ಕೆ ಹೋಗಿದೆ. ನೀನ್ ಗುಟ್ಟಾಗಿ ತಿನ್ನಿಸ್ತಿದ್ದೀಯ, ನಂಗೊತ್ತು." ಅವಳು ಬೆರಳು ಅಲ್ಲಾಡಿಸಿದಳು. "ಅಪ್ಪನೂ ಹೇಳ್ತಿದ್ರು, ಆರ್ವಿಲ್ ಜೇಬು ಅಂದ್ರೆ ಓಟ್ಸ್ ಚೀಲ ಅಂತ."

ಅವನು ಆ ದಿನವೆಲ್ಲ ಆ ಮಾತುಗಳನ್ನು ತಿರುವಿ ಹಾಕಿದ. ಮೇವು ಪೋಲು ಮಾಡುತ್ತಾನೆ ಎಂಬ ಆಕ್ಷೇಪಣೆ. ಇನ್ನೇನು, ಓಟ್ಸಿನ ಕೋಣೆಗೂ ಬೀಗ ಬೀಳುತ್ತದೆ. ಆದರೆ ಮಿಕ್ಸಿಯ ಮಾತು ಅವನಿಗೆ ಹಿತವಾಗಿತ್ತು. ಗುಂಯ್‌ಗುಡುವ ಸದ್ದು ಕೇಳಿದರೇ ಕೂಗುತ್ತಾಳೆಂದರೆ, ಆ ಮೊದಲ ದಿನದ ದಿಗಿಲು ಅವಳ ಎದೆಯಲ್ಲಿ ಇನ್ನೂ ಹಸಿಯಾಗಿಯೇ ಇದೆ.

ಮಾರ್ಚಿನಲ್ಲಿ ರೇಂಜರ್ ಲೆನೋರಾ ನೆಜ್ ಬಂದಳು. ಮಾತು ಕಮ್ಮಿ, ನೋಟ ಉದ್ದ. ದೊಡ್ಡಿಯ ಬೇಲಿಗೆ ಮೊಳಕೈ ಊರಿ ನಿಂತಳು.

"ಸ್ಟಕ್ಕಿಯವ್ರೇ, ಈ ಕಡೆ ಏನೋ ಜೇನುಹುಳದ ಥರ ಸದ್ದು ಬರತ್ತಂತೆ. ನಡ್ಕೊಂಡ್ ಬಂದೋರೊಬ್ರು ಹೇಳಿದ್ರು."

"ಗರಗಸ ಇರ್ಬೇಕು. ಬೇಲಿ ಮರ ಕೊಯ್ತಿದ್ದೆ."

"ಇರಬಹುದು." ಅವಳು ಹೊಸದಾಗಿ ಹಾಕಿದ ಮರವನ್ನು ಬೆರಳಿನಿಂದ ತಟ್ಟಿದಳು. "ಡ್ರೋನಾದ್ರೂ ನಾನೇನೂ ಅನ್ನೋ ಹಾಗಿಲ್ಲ ಬಿಡಿ. ಪಾರ್ಕಿನ ಗಡಿಯಿಂದಾಚೆ ಯಾರು ಏನ್ ಹಾರಿಸ್ಕೊಂಡ್ರೂ ಅವರಿಷ್ಟ."

"ನಂಗ್ಯಾಕಮ್ಮಾ ಅವೆಲ್ಲ? ನಂಗೆ ಟೀವಿ ರಿಮೋಟೇ ಸರಿಯಾಗ್ ಬರಲ್ಲ."

ಅವಳು ನಗಲಿಲ್ಲ. ಹುಲ್ಡಾಳ ಮೂತಿ ಸವರಿ, "ಪರೀಕ್ಷೆ ದಿನ ನೀವೂ ಬರ್ತೀರಲ್ಲ?" ಎಂದಳು.

"ಮಂಡಿ ನೋವು. ನೋಡೋಣ."

ಅವಳ ಜೀಪು ಕಣ್ಮರೆಯಾಗುವವರೆಗೆ ಅವನು ಅಲ್ಲಾಡಲಿಲ್ಲ. ಬಲೆ ಬೀಸಿದಳೆ? ಗಡಿಯ ಮಾತು ಅವಳಾಗಿಯೇ ಏಕೆ ತೆಗೆದಳು? ಅಂದಿನಿಂದ ಅವನು ಅಭ್ಯಾಸಕ್ಕೆ ಇಳಿಯುವ ಮುಂಚೆ ಸುತ್ತ ಮೂರು ಸಲ ನೋಡುತ್ತಿದ್ದ. ಚರ್ಚಿನಲ್ಲಿ ಪಕ್ಕದವರು ಪಿಸುಗುಟ್ಟಿದರೆ ತನ್ನ ವಿಷಯವೇ ಎನ್ನಿಸುತ್ತಿತ್ತು. ಮಾರ್ವಾ ಫೋನಿನಲ್ಲಿ ನಕ್ಕರೆ ಆ ಕಡೆ ಯಾರಿದ್ದಾರೆಂದು ಬಾಗಿಲಲ್ಲಿ ನಿಂತು ಆಲಿಸುತ್ತಿದ್ದ. ಇಷ್ಟೆಲ್ಲ ಜನರನ್ನು ಶಂಕಿಸಿದವನು, ಶಂಕಿಸಬೇಕಾದವರೆಲ್ಲ ಮುಗಿದರು ಎಂದು ಖಾತ್ರಿಯಾದ ಮೇಲೆಯೇ ಪರೀಕ್ಷೆಯ ದಿನಕ್ಕೆ ಸಿದ್ಧನಾದ.

ಆ ಬೆಳಿಗ್ಗೆ ಬಿಸಿಲು ತೆಳ್ಳಗಿತ್ತು, ಗಾಳಿಯಿರಲಿಲ್ಲ. ಆರ್ವಿಲ್ ತಾನೇ ಹುಲ್ಡಾಳಿಗೆ ಜೀನು ಬಿಗಿದ. ಎರಡನೆಯವಳು ಕ್ರಿಸ್ಟೀನಾ, ರೇಂಜರಿಗೆ. ಮೂರನೆಯವಳು ಸಾಮಾನು ಹೊರುವ ಗೆರ್ಡಾ.

"ನಾನು ಪ್ಯಾಂಗ್ವಿಚ್ ಪೇಟೆ ಕಡೆ ಹೋಗಿ ಹುಲ್ಲು ತಂದ್ಬಿಡ್ತೀನಿ," ಎಂದ. "ಬರೋದ್ ಸಂಜೆ ಆಗತ್ತೆ."

"ಮಂಡಿ ನೋವು ಅಂದೆ, ಹುಲ್ಲಿನ್ ಹೊರೆ ಎತ್ತೋಕ್ ಹೋಗ್ತೀಯ?"

"ಅಲ್ಲಿ ಹುಡುಗ್ರು ಇರ್ತಾರೆ, ಎತ್ತಾಕ್ತಾರೆ."

ಮಾರ್ವಾ ಅವನನ್ನೊಮ್ಮೆ ನೋಡಿ ಒಳಗೆ ಹೋದಳು. ಅವನು ಗೆರ್ಡಾಳ ಪಟ್ಟಿಯನ್ನು ಬಿಚ್ಚಿ ಮತ್ತೆ ಬಿಗಿದ. ಅವಳು ಕಾಗದದಲ್ಲಿ ಸುತ್ತಿದ ಸ್ಯಾಂಡ್‌ವಿಚ್ ಹಿಡಿದು ಹೊರಬಂದಳು. "ದಾರೀಲಿ ತಿನ್ನು. ನಿಧಾನ ಓಡ್ಸು, ಮುದ್ಕಪ್ಪ." ಆಮೇಲೆ ಹುಲ್ಡಾಳ ಬೆನ್ನೇರಿ ಟೋಪಿ ಸರಿಮಾಡಿಕೊಂಡಳು. ಕುಳಿತ ಭಂಗಿ ಥೇಟು ಥೋರ್ವಾಲ್ಡನದು. ಆರ್ವಿಲ್ ಮುಖ ತಿರುಗಿಸಿ ಪಿಕಪ್ಪು ಹತ್ತಿದ.

ಹಳೆಯ ಕಲ್ಲುಗಣಿಯಲ್ಲಿ ಪಿಕಪ್ಪು ಬಿಟ್ಟು, ಹಿಂದಿನ ದಿಣ್ಣೆಯಿಂದ ನಡೆದು, ಅವರಿಗಿಂತ ಮೊದಲೇ ಅವನು ಜೂನಿಪರ್ ಗಿಡಗಳ ಹಿಂದೆ ಕುಳಿತಿದ್ದ. ಕಬ್ಬಿಣದ ಗೂಟ ಮೊಣಕಾಲಿನ ಮುಂದೆ. ಸ್ಯಾಂಡ್‌ವಿಚ್ ತಿನ್ನಲಾಗಲಿಲ್ಲ. ದೂರದಲ್ಲಿ ಗೊರಸಿನ ಸದ್ದು ಕೇಳಿತು, ಆಮೇಲೆ ಮಾರ್ವಾಳ ದನಿ, ಆಮೇಲೆ ಸದ್ದು ನಿಂತಿತು. ಅವರು ತಿರುವಿಗೆ ಬಂದಿದ್ದರು. ಎಲೆಗಳ ಸಂದಿಯಿಂದ ನೋಡಿದ. ಮೂರೂ ಹೇಸರಗತ್ತೆಗಳು ಕಮರಿಗೆ ಮುಖ ಮಾಡಿ ನಿಂತಿದ್ದವು, ಹುಲ್ಡಾ ಅಂಚಿಗೆ ಎಲ್ಲರಿಗಿಂತ ಹತ್ತಿರ. ಆಚೆ ಸೂಜಿಕಣ್ಣಿನೊಳಗೆ ಆಕಾಶ ತಣ್ಣಗೆ ಹೊಳೆಯುತ್ತಿತ್ತು. ಮಾರ್ವಾ ರೇಂಜರಿಗೆ ಕೈಚಾಚಿ ಏನನ್ನೋ ತೋರಿಸುತ್ತಿದ್ದಳು.

ಆರ್ವಿಲ್ ಗುಂಡಿ ಒತ್ತಿದ. ಯಂತ್ರ ಗುಂಯ್ ಎಂದು ಎದ್ದಿತು. ಚಳಿಗಾಲವಿಡೀ ಮಾಡಿದ್ದನ್ನೇ ಮಾಡಿದ. ಪರದೆಗೆ ಮುಖ ಬಗ್ಗಿಸಿ, ಇಳಿಜಾರಿನ ಗುಂಟ ಅದನ್ನು ಜಾರಿಸಿ, ಹುಲ್ಡಾಳ ಹಿಂಭಾಗಕ್ಕೆ ತಂದ. ಪರದೆಯಲ್ಲಿ ಮಾರ್ವಾಳ ಬೆನ್ನು ದೊಡ್ಡದಾಗುತ್ತ ಬಂತು, ಅವಳ ಜಡೆ, ಟೋಪಿಯ ಅಂಚು, ಅದರಾಚೆ ಬರೀ ಗಾಳಿ. ಹುಲ್ಡಾಳ ಎರಡೂ ಕಿವಿ ನೆಟ್ಟಗಾದವು. ಈಗ, ಎಂದುಕೊಂಡ. ಉಸಿರು ಹಿಡಿದು, ಇನ್ನೊಂದು ಮಾರು ಮುಂದಕ್ಕೆ ತಂದ. ಪರದೆಯಲ್ಲಿ ಕಂದು ಬಣ್ಣ ಒಮ್ಮೆ ರಪ್ಪನೆ ಸುಳಿಯಿತು, ಯಾರೋ ಕೂಗಿದರು, ಮರುಗಳಿಗೆ ಅಲ್ಲಿ ಬೆನ್ನಿರಲಿಲ್ಲ, ಟೋಪಿಯಿರಲಿಲ್ಲ, ಖಾಲಿ ಅಂಚು ಮಾತ್ರ.

ಮುಗಿಯಿತು ಎಂದು ಅವನು ಕಣ್ಣು ಮುಚ್ಚಿದ; ಆಗ ಕಲ್ಲು ಉರುಳುವ ಸದ್ದು ಕೇಳಿತು, ಕೆಳಗಿನಿಂದಲ್ಲ, ಕುರಿಗಾಹಿಗಳ ದಾರಿಯಿಂದ, ಹತ್ತಿರ ಹತ್ತಿರವಾಗುತ್ತ, ಅದರ ಹಿಂದೆಯೇ ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ಕೇಳಿ ಕೇಳಿ ಕಿವಿಗೆ ಬೀಳದೆಯೇ ಹೋಗಿದ್ದ ಆ ಕೂಗು. ಜೂನಿಪರ್ ಕೊಂಬೆಗಳನ್ನು ಎದೆಯಿಂದ ಬಗೆದುಕೊಂಡು ಹುಲ್ಡಾ ಬಂದಳು, ಬೆನ್ನ ಮೇಲೆ ಟೋಪಿ ಕಳೆದುಕೊಂಡು ಜೀನಿಗೆ ಜೋತುಬಿದ್ದಿದ್ದ ಮಾರ್ವಾ. ಅವಳ ಹಿಂದೆ ರೇಂಜರನ್ನು ಹೊತ್ತ ಕ್ರಿಸ್ಟೀನಾ, ಅವಳ ಹಿಂದೆ ಗೆರ್ಡಾ, ದೊಡ್ಡಿಯಲ್ಲಿ ಬಂದು ನಿಲ್ಲುವ ಸಾಲಿನಲ್ಲೇ. ಹುಲ್ಡಾ ಗೂಟ ದಾಟಿ, ಅವನ ಮಡಿಲಿನ ಕೈಪೆಟ್ಟಿಗೆಯನ್ನು ಮೂತಿಯಿಂದ ಆಚೆ ತಳ್ಳಿ, ಕೋಟಿನ ಬಲಜೇಬಿಗೆ ಮೂಗು ತುರುಕಿದಳು. ಅವನು ಇಡೀ ಚಳಿಗಾಲ ಅವಳ ಕಣ್ಣುಗಳಿಂದ ಆ ಯಂತ್ರವನ್ನು ಬಚ್ಚಿಟ್ಟಿದ್ದ. ಕಿವಿಗಳಿಗೆ ಮಾತ್ರ ದಿನಾ ಕೇಳಿಸಿದ್ದ, ದಿನಾ ಕೇಳಿಸಿ ದಿನಾ ಓಟ್ಸ್ ಕೊಟ್ಟಿದ್ದ; ಆ ಸದ್ದು ಎದ್ದಲ್ಲಿ ಓಟ್ಸ್ ಇದೆಯೆಂದು ಅವಳಿಗೆ ಕಲಿಸಿದ್ದ. "ಆರ್ವಿಲ್?" ಎಂದಳು ಮಾರ್ವಾ, ಏದುಸಿರಿನ ನಡುವೆ. "ಹುಲ್ಲು ತರೋಕ್ ಹೋಗಿದ್ದೆ ಅಲ್ವಾ ನೀನು?" ಲೆನೋರಾ ನೆಜ್ ಇಳಿದು ಬಂದು ಪೆಟ್ಟಿಗೆ ಎತ್ತಿಕೊಂಡು ಪರದೆ ನೋಡಿದಳು. ಡ್ರೋನ್ ಇನ್ನೂ ಅಲ್ಲೇ ನಿಂತಿತ್ತು, ಮಾರ್ವಾ ಇದ್ದ ಜಾಗಕ್ಕೆ ಸರಿಯಾಗಿ, ತಲೆಯ ಎತ್ತರದಲ್ಲಿ, ಪ್ರಪಾತಕ್ಕೆ ಮುಖ ಮಾಡಿ. ರೇಂಜರ್ ಪರದೆಯಿಂದ ಅಂಚಿಗೂ ಅಂಚಿನಿಂದ ಮಾರ್ವಾಳಿಗೂ ನೋಡಿ, ಕೊನೆಗೆ ಅವನ ಮೇಲೆ ಕಣ್ಣು ನೆಟ್ಟಳು. ಹುಲ್ಡಾಳ ಮೈ ನಡುಗುತ್ತಿತ್ತು; ಅಂಚಿನಲ್ಲಿ ಅಷ್ಟು ಬಿರುಸಾಗಿ ತಿರುಗಿದ್ದು ಅವಳಿಗೂ ದಿಗಿಲಾಗಿರಬೇಕು. ಆರ್ವಿಲ್ಲನ ಕೈ ಯಾರ ಅಪ್ಪಣೆಗೂ ಕಾಯದೆ ಜೇಬಿಗೆ ಇಳಿದು, ಒಂದು ಹಿಡಿ ಓಟ್ಸ್ ತೆಗೆದು, ಅವರಿಬ್ಬರ ಕಣ್ಣೆದುರಿಗೇ, ಅವಳ ಮೂತಿಯ ಕೆಳಗೆ ಬಿಚ್ಚಿಕೊಂಡಿತು.